ಹಳೇ ಟಿಟಿ (ಟೆಂಪೋ ಟ್ರಾವೆಲರ್) ತಗೊಂಡು ಅದನ್ನೇ ಮನೆ ಮಾಡ್ಕೊಂಡು ಇರೋದು ನಮ್ಮ ಕಡೆ ಆಗೋ ಮಾತಾ?

ಗಾಲಿಮನೆ (ಬೆಂಗಳೂರು)

ಎಲ್ರಿಗೂ ನಮಸ್ಕಾರ. ನಾನೂ ನಮ್ಮೆಜಮಾನ್ರೂ ಇಬ್ರೂ ವರ್ಕ್ ಫ್ರಮ್ ಹೋಮು, ಮಕ್ಕಳಿಲ್ಲ, ಉತ್ತರಹಳ್ಳಿ ಹತ್ರ ಬಾಡಿಗೆ ಮನೆ. ಈ ಸಲ ಅಗ್ರಿಮೆಂಟ್ ರಿನ್ಯೂ ಮಾಡೋವಾಗ ಓನರ್ ಹೇಳಿದ ರೇಟ್ ಕೇಳಿ ಇವ್ರು ತಮಾಷೆಗೆ "ಒಂದು ಹಳೇ ಟಿಟಿ ತಗೊಂಡು ಅದ್ರಲ್ಲೇ ಇದ್ಬಿಡೋಣ ಬಾ" ಅಂದ್ರು. ಅವ್ರು ಅಂದು ಮರೆತ್ರು, ನಾನು ಮಾತ್ರ ಅವತ್ತಿಂದ ನಿದ್ದೆ ಬಿಟ್ಟು ವ್ಯಾನ್ ವಿಡಿಯೋ ನೋಡ್ಕೊಂಡು ಕೂತಿದೀನಿ. ಆದ್ರೆ ನೋಡಿದ್ದೆಲ್ಲ ಅಮೆರಿಕ, ಯೂರೋಪ್ ಕಡೆಯವು, ಅಲ್ಲಿ ಯಾರೂ ಒಗ್ಗರಣೆ ಹಾಕಲ್ಲ, ಯಾರಿಗೂ ಮಿಕ್ಸಿ ಬೇಡ, ಏಪ್ರಿಲ್ ತಿಂಗಳು ರಾಯಚೂರಲ್ಲಿ ಹೆಂಗಿರುತ್ತೆ ಅಂತಾನೂ ಗೊತ್ತಿಲ್ಲ.

ನಮ್ಮ ಹತ್ರ ಗಾಡಿ, ಕೆಲಸ ಎಲ್ಲಾ ಸೇರಿ 9 ಲಕ್ಷ ಇದೆ, ಸಾಲ ಮಾಡಲ್ಲ. ಕೇಳ್ಬೇಕಾಗಿರೋದು ಏನಂದ್ರೆ, ಟಿಟಿನಾ, ಟಾಟಾದ ವಿಂಗರ್ ವ್ಯಾನಾ, ಇಲ್ಲ ಓಮ್ನಿ ಥರದ್ದೇ ಸಾಕಾ? ಆರ್‌ಟಿಒದವ್ರು ಹಿಡಿಯಲ್ವಾ? ಎಸಿ ಹಾಕ್ಬೋದಾ, ಇಂಡಕ್ಷನ್ ಓಡುತ್ತಾ? ರಾತ್ರಿ ಎಲ್ಲಿ ನಿಲ್ಸೋದು? ಟಾಯ್ಲೆಟ್ಟಿಗೆ ಏನ್ಮಾಡ್ತೀರ (ನಾಚಿಕೆ ಬಿಟ್ಟು ಕೇಳ್ತಿದೀನಿ, ನಾಚಿಕೆ ಬಿಟ್ಟೇ ಹೇಳಿ)? ನಮ್ಮತ್ತೆ ಆಗ್ಲೇ "ಮನೆ ಮಠ ಇಲ್ದೋರ ಥರ ರೋಡಲ್ಲಿ ಮಲಗ್ತೀರಾ" ಅಂತ ಶುರು ಮಾಡಿದಾರೆ, ಅವ್ರಿಗೆ ಹೇಳೋಕೂ ಒಂದಿಷ್ಟು ಉತ್ತರ ಬೇಕು.

ಬಿಳಿಬೋರ್ಡ್ (ಮೈಸೂರು)

ಮೇಡಂ, ಮಿಕ್ಸಿ, ಇಂಡಕ್ಷನ್ ಎಲ್ಲ ಆಮೇಲೆ. ಮೊದ್ಲು ಪೇಪರ್ ಕೆಲಸ. ನಾನು ಗಾಡಿ ಪೇಪರ್ ಕೆಲಸಾನೇ ಮಾಡ್ಕೊಂಡಿರೋದು, ಸ್ವಲ್ಪ ಉದ್ದ ಬರೀತೀನಿ ಬೇಜಾರಾಗ್ಬೇಡಿ.

ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಏನ್ ಹೇಳುತ್ತೆ ಅಂದ್ರೆ, ಕಂಪನಿಯವನು ಗಾಡಿ ಹೆಂಗೆ ಮಾಡಿ ಕೊಟ್ಟಿದಾನೋ, ಆರ್‌ಸಿಲಿ ಏನು ಬರ್ದಿದ್ಯೋ, ಅದಕ್ಕೆ ವಿರುದ್ಧವಾಗಿ ಓನರ್ ಆದವನು ಬದ್ಲಾಯಿಸೋ ಹಾಗಿಲ್ಲ ಅಂತ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಯಾಗಿ ಹೇಳ್ತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡಾನೂ ಬಂತು, ಒಂದೊಂದು ಬದಲಾವಣೆಗೆ 5000 ರೂಪಾಯಿ ಇಲ್ಲ 6 ತಿಂಗಳವರೆಗೆ ಜೈಲು. ಜೈಲಿಗೆ ಹಾಕಿದ್ದು ನಾನಂತೂ ನೋಡಿಲ್ಲ, ಆದ್ರೆ ದಂಡಕ್ಕಿಂತ ದೊಡ್ಡ ತಲೆನೋವು ಇನ್ಶೂರೆನ್ಸು. 12 ಸೀಟಿನ ಗಾಡಿ ಅಂತ ಪಾಲಿಸಿ ಮಾಡ್ಸಿ, ಒಳಗೆ ಸೀಟೆಲ್ಲ ಕಿತ್ತು ಮಂಚ, ಗ್ಯಾಸ್ ಒಲೆ ಇಟ್ಕೊಂಡು, ನಾಳೆ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಸರ್ವೇಯರ್ ಬಂದು ಒಂದು ಫೋಟೋ ಹೊಡ್ಕೊಂಡ್ ಹೋದ್ರೆ ಮುಗೀತು, ಕ್ಲೇಮ್ ಸಿಗಲ್ಲ.

ಹಂಗಂತ ದಾರಿ ಇಲ್ಲ ಅಂತ ಅಲ್ಲ. ಕೇಂದ್ರ ಸರ್ಕಾರದ ಗಾಡಿ ವರ್ಗಗಳ ಪಟ್ಟಿಯಲ್ಲಿ ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಅಂತಾನೇ ಒಂದಿದೆ, ಅದು ನಾನ್-ಟ್ರಾನ್ಸ್‌ಪೋರ್ಟ್ (ಬಾಡಿಗೆಗೆ ಓಡಿಸದ ಗಾಡಿ) ಕೆಳಗೆ ಬರುತ್ತೆ. ಮೋಟಾರ್ ಕ್ಯಾರವಾನ್‌ಗೆ ಅಂತ ಎಐಎಸ್-124 ಅನ್ನೋ ಸ್ಟ್ಯಾಂಡರ್ಡೂ ಇದೆ. ಟೈಪ್ ಅಪ್ರೂವಲ್ (ಡಿಸೈನಿಗೆ ಮೊದ್ಲೇ ಸರ್ಕಾರಿ ಒಪ್ಪಿಗೆ) ತಗೊಂಡಿರೋ ಬಾಡಿ ಬಿಲ್ಡರ್ ಹತ್ರ ಹೊಸ ಗಾಡಿ ಮೇಲೆ ಮಾಡಿಸಿದ್ರೆ ಎಲ್ಲ ಸಲೀಸು, ಆದ್ರೆ 9 ಲಕ್ಷದಲ್ಲಿ ಅದರ ಮಾತೇ ಎತ್ಬೇಡಿ. ಹಳೇ ಗಾಡಿ ಅಂದ್ರೆ ಮೊದ್ಲೇ, ಅಂದ್ರೆ ಒಂದು ಸ್ಕ್ರೂ ಬಿಚ್ಚೋಕೂ ಮುಂಚೆ, ನಿಮ್ಮ ಆರ್‌ಟಿಒಗೆ ಹೋಗಿ ಡ್ರಾಯಿಂಗ್ ಇಟ್ಟು ಬರವಣಿಗೆಯಲ್ಲಿ ಅನುಮತಿ ಕೇಳಿ. ಬಾಯಿಮಾತಲ್ಲಿ "ಮಾಡ್ಕೊಳಿ ಸಾರ್ ನೋಡೋಣ" ಅಂದಿದ್ದಕ್ಕೆ ಮೂರು ಕಾಸಿನ ಬೆಲೆ ಇಲ್ಲ, ಹೇಳಿದವರು ವರ್ಗ ಆಗಿ ಹೋಗಿರ್ತಾರೆ. ಒಬ್ಬ ಇನ್‌ಸ್ಪೆಕ್ಟರ್ ಒಪ್ತಾರೆ, ಇನ್ನೊಬ್ರು ಒಪ್ಪಲ್ಲ, ಇದು ಸತ್ಯ.

ಇನ್ನೊಂದು, ಸೆಕೆಂಡ್ ಹ್ಯಾಂಡ್ ಟಿಟಿ ಅಂದ್ರೆ ನೂರಕ್ಕೆ ತೊಂಬತ್ತು ಹಳದಿ ಬೋರ್ಡು. ಅದನ್ನ ಬಿಳಿ ಬೋರ್ಡ್ ಮಾಡ್ಬೇಕು ಅಂದ್ರೆ ಪರ್ಮಿಟ್ ಸರೆಂಡರ್ ಆಗ್ಬೇಕು, ಟ್ಯಾಕ್ಸ್ ಬಾಕಿ ಇರ್ಬಾರ್ದು, ಚಲನ್ ಎಲ್ಲ ಕಟ್ಟಿರ್ಬೇಕು, ಲೋನ್ ಇದ್ರೆ ಬ್ಯಾಂಕಿನ ಎನ್‌ಒಸಿ ಬೇಕು, ಲೈಫ್ ಟ್ಯಾಕ್ಸ್ ಬೇರೆ ಕಟ್ಬೇಕು. ಇದಕ್ಕೆಷ್ಟು ಬರುತ್ತೆ ಅಂತ ಗಾಡಿಗೆ ಅಡ್ವಾನ್ಸ್ ಕೊಡೋಕೆ ಮುಂಚೆ ಬರೆಸ್ಕೊಳಿ.

ಲೈಸೆನ್ಸ್ ಬಗ್ಗೆ ಹೆದರ್ಬೇಡಿ. ಟಿಟಿ 7500 ಕೆಜಿ ಒಳಗೇ ಬರುತ್ತೆ, ಕಾರಿನ ಎಲ್‌ಎಂವಿ (ಹಗುರ ವಾಹನ) ಲೈಸೆನ್ಸ್ ಸಾಕು. 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹಳದಿ ಬೋರ್ಡ್ ಗಾಡಿಗೂ ಅದು ನಡೆಯುತ್ತೆ ಅಂದಿದೆ.

ಉಳ್ಳಾಗಡ್ಡಿ_ಓಣಿ (ಹುಬ್ಬಳ್ಳಿ)

ಅಕ್ಕಾರ ನಮಸ್ಕಾರ್ರೀ. ಮ್ಯಾಲಿನ ಅಣ್ಣಾರು ಕಾಯ್ದೆ ಹೇಳ್ಯಾರ, ನಾ ಕಬ್ಬಿಣ ಕಟಗಿ ಹೇಳ್ತೇನಿ. ನಮ್ದು ಬಾಡಿ ಕಟ್ಟೋ ಗ್ಯಾರೇಜ್ ಐತಿ, ಇಂಥಾ ಗಾಡಿ ಕೇಳ್ಕೊಂಡು ಬರೋರು ಈಗೀಗ ಭಾಳ ಆಗ್ಯಾರ.

ಓಮ್ನಿ, ಈಕೋ ಇವೆಲ್ಲ ಶನಿವಾರ ಹೋಗಿ ಸೋಮವಾರ ಬರೋರಿಗೆ ಛಲೋ. ಇಬ್ರು ದಿನಾ ಅದರಾಗ ಇರ್ಬೇಕಂದ್ರ ನೆಟ್ಟಗ ನಿಲ್ಲಾಕ ಆಗ್ಬೇಕ್ರಿ, ಇಲ್ಲಂದ್ರ ಪ್ಯಾಂಟ್ ಹಾಕ್ಕೊಳ್ಳಾಕೂ ಮಲಗ್ಬೇಕು. ಹೈ ರೂಫ್ ಟಿಟಿನ ನೋಡ್ರಿ. ವಿಂಗರ್ ಫ್ರಂಟ್ ವೀಲ್ ಡ್ರೈವ್, ಫ್ಲೋರ್ ತಗ್ಗ ಐತಿ, ಹತ್ತಿ ಇಳ್ಯಾಕ ಆರಾಮ. ಖರೆ ಅಂದ್ರ ಟಿಟಿ ಮೆಕ್ಯಾನಿಕ್ ಸಿಕ್ಕಂಗ ವಿಂಗರ್ ಮೆಕ್ಯಾನಿಕ್ ಎಲ್ಲಾ ಕಡೆ ಸಿಗಂಗಿಲ್ಲ. ಟಿಟಿ ಮೂಲ ಮರ್ಸಿಡಿಸ್ ಡಿಸೈನು, ಬಜಾಜ್ ಟೆಂಪೋ ಇದ್ದಾಗಿಂದ ಬಂದದ್ದು, 2005ರಾಗ ಕಂಪನಿ ಹೆಸರು ಫೋರ್ಸ್ ಆತು, ಆದ್ರೂ ಮಂದಿ ಇನ್ನೂ ಟೆಂಪೋ ಟ್ರಾವೆಲರ್ ಅಂತಾನ ಕರೀತಾರ. ಸಿಂದಗಿಯಾಗ ನಿಂತ್ರೂ ಅದರ ಕ್ಲಚ್ ಪ್ಲೇಟ್ ಸಿಗ್ತೈತಿ, ಅದು ಮುಖ್ಯ.

ಈಗ ತೂಕದ ಮಾತು. ಎಲ್ಲಾರೂ ಮನಿ ಇಂಟೀರಿಯರ್ ಮಾಡೋ ಬಡಿಗ್ಯಾನ್ನ ಕರ್ಕೊಂಡು ಬರ್ತಾರ, ಅಂವಾ ಬಂದಾಂವನ 18 ಎಂಎಂ ಪ್ಲೈವುಡ್ ತರ್ರಿ ಅಂತಾನ. 8×4ರ ಒಂದು ಶೀಟು 30 ಕೆಜಿ ದಾಟ್ತೈತ್ರಿ. ಹತ್ತು ಶೀಟ್ ಹಾಕಿದ್ರ ಮೂರು ಕ್ವಿಂಟಲ್ ಅಲ್ಲೇ ಹೋತು, ಮ್ಯಾಲ ಸನ್‌ಮೈಕಾ, ಕ್ವಾರ್ಟ್ಜ್ ಕಟ್ಟಿ ಬ್ಯಾರೆ ಬೇಕಂತಾರ! ಅದು ಲಾರಿ ಅಲ್ರಿ. ಚೌಕಟ್ಟಿಗೆ ಅಲ್ಯೂಮಿನಿಯಂ ಸೆಕ್ಷನ್ ಹಾಕ್ರಿ, ಮಂಚದ ಹಲಗಿಗೆ 12 ಎಂಎಂ, ಬಾಗಲಕ್ಕ 6 ಎಂಎಂ ಸಾಕು. ಕೀಲು ಎಲ್ಲಾ ನಟ್ ಬೋಲ್ಟ್, ಫೆವಿಕಾಲ್ ಮೊಳಿ ನಂಬಬ್ಯಾಡ್ರಿ, ಮೊದಲ್ನೇ ಘಾಟ್ ಇಳಿಯೂದ್ರಾಗ ಕಿರಿ ಕಿರಿ ಅಂತ ಅಳಾಕ ಶುರು ಮಾಡ್ತೈತಿ. ಗಾಡಿ ಖಾಲಿ ಇದ್ದಾಗ ಒಮ್ಮೆ, ಕೆಲಸ ಮುಗದ ಮ್ಯಾಲ ನೀರು ತುಂಬಿ ಒಮ್ಮೆ ವೇಬ್ರಿಡ್ಜ್ ಮ್ಯಾಲ ಹತ್ತಿಸ್ರಿ. ಎಡಕ್ಕ ಬಲಕ್ಕ ಸಮ ಇರ್ಬೇಕು. ನೀರಿನ ಟ್ಯಾಂಕು, ಬ್ಯಾಟರಿ, ಅಡುಗಿ ಕಟ್ಟಿ ಎಲ್ಲಾ ಒಂದ ಕಡೆ ಇಟ್ಟು ಗಾಡಿ ವಾಲಿಸ್ಕೊಂಡು ಬಂದೋರ್ನ ನೋಡೇನಿ.

ಬಿಸಲಿಗೆ ತಗಡಿನ ಒಳಗ ಥರ್ಮೋಕೋಲ್ ತುಂಬಬ್ಯಾಡ್ರಿ, ಕಿಚಿ ಪಿಚಿ ಅಂತೈತಿ, ಬೆಂಕಿಗೂ ಕೆಟ್ಟದ್ದು. ಗ್ಲಾಸ್ ವುಲ್ ನೀರು ಹಿಡಿತೈತಿ. ಎಸಿ ಡಕ್ಟಿಗೆ ಸುತ್ತೋ ಕರಿ ನೈಟ್ರೈಲ್ ರಬ್ಬರ್ ಶೀಟ್ ಬರ್ತೈತಲ್ರಿ, 19 ಎಂಎಂ, ಅದನ್ನ ಟಾಪಿಗೆ, ಸೈಡಿಗೆ ತಗಡಿಗೇ ಅಂಟಿಸ್ರಿ, ನಡುವ ಸಂದಿ ಬಿಡಬ್ಯಾಡ್ರಿ. ಹೊರಗ ಟಾಪಿಗೆ ಬಿಳಿ ಬಣ್ಣ. ಇಷ್ಟ ಮಾಡಿದ್ರ ಒಳಗ ಜೀವ ಹಿಡ್ಕೊಂಡು ಇರಬಹುದು.

ವೋಲ್ಟು_ವಾಟು (ಶಿವಮೊಗ್ಗ)

ಕರೆಂಟಿನ ಲೆಕ್ಕ ನಾನು ಹೇಳ್ತೀನಿ. ವಿಡಿಯೋದಲ್ಲಿ ಎಲ್ರೂ ಸೋಲಾರ್ ಹಾಕಿದ್ವಿ ಎಲ್ಲಾ ಓಡುತ್ತೆ ಅಂತಾರೆ, ಹೆಂಗೆ ಓಡುತ್ತೆ ಅಂತ ಕೂಡ್ಸಿ ಕಳ್ದು ತೋರ್ಸಲ್ಲ.

12 ವೋಲ್ಟ್ 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದರಲ್ಲಿ ಸುಮಾರು 1280 ವಾಟ್-ಅವರ್, ಅಂದ್ರೆ ಒಂದೂಕಾಲು ಯೂನಿಟ್ಟು. ಬೆಸ್ಕಾಂ ಬಿಲ್ಲಲ್ಲಿ ಒಂದೂಕಾಲು ಯೂನಿಟ್ ಅಂದ್ರೆ ಏನು ಅಂತ ಯೋಚ್ನೆ ಮಾಡಿ. ಒಂದು ಟನ್ ಎಸಿ ಗಂಟೆಗೆ ಹತ್ರತ್ರ ಒಂದು ಯೂನಿಟ್ ತಿನ್ನುತ್ತೆ, ಸೋ ಎಸಿ ಕನಸು ಬಿಟ್ಬಿಡಿ, ಎಲ್ಲಾದ್ರೂ ಪ್ಲಗ್ ಸಿಕ್ಕಿದ್ರೆ ಮಾತ್ರ. ಇಂಡಕ್ಷನ್ 1800 ವಾಟ್, 12 ವೋಲ್ಟಲ್ಲಿ ಅದು 150 ಆಂಪಿಯರ್ ಮೇಲೆ ಎಳಿಯುತ್ತೆ, ಆ ವೈರು, ಆ ಇನ್ವರ್ಟರ್ ಖರ್ಚಲ್ಲಿ ಹತ್ತು ವರ್ಷದ ಗ್ಯಾಸ್ ಬರುತ್ತೆ. ಎರಡು ಲ್ಯಾಪ್‌ಟಾಪ್, ಬಿಎಲ್‌ಡಿಸಿ ಫ್ಯಾನ್ (ಕರೆಂಟ್ ಕಡಿಮೆ ತಿನ್ನೋದು, 30 ವಾಟ್ ಆಸುಪಾಸು), ಎಲ್‌ಇಡಿ ಲೈಟು, ವೈಫೈ ಡಬ್ಬಿ, ಒಂದು ಸಣ್ಣ 12 ವೋಲ್ಟ್ ಕಂಪ್ರೆಸರ್ ಫ್ರಿಜ್ಜು, ಇಷ್ಟಕ್ಕೆ ದಿನಕ್ಕೆ ಒಂದೂವರೆ ಯೂನಿಟ್ ಇಟ್ಕೊಳಿ. ಹಂಗಾಗಿ 200 ಎಎಚ್ ಬ್ಯಾಟರಿ, ಟಾಪ್ ಮೇಲೆ 400 ವಾಟ್ ಪ್ಯಾನಲ್. ಬಯಲುಸೀಮೆ ಬಿಸಿಲಲ್ಲಿ ಅದು ಸಾಕು. ಆದ್ರೆ ನಮ್ಮ ತೀರ್ಥಹಳ್ಳಿ ಕಡೆ ಜುಲೈನಲ್ಲಿ ಬಂದ್ರೆ ಪ್ಯಾನಲ್ ಬರೀ ಶೋಕಿಗೆ. ಅದಕ್ಕೆ ಇಂಜಿನ್ ಆಲ್ಟರ್ನೇಟರಿಂದ ಚಾರ್ಜ್ ಆಗೋಕೆ ಡಿಸಿ-ಡಿಸಿ ಚಾರ್ಜರ್ ಕಡ್ಡಾಯ ಹಾಕ್ಸಿ, 30 ಆಂಪಿಯರಿಂದು. ಒಂದು ಗಂಟೆ ಗಾಡಿ ಓಡಿಸಿದ್ರೆ 350-400 ವಾಟ್-ಅವರ್ ಸೇರುತ್ತೆ. ನೇರವಾಗಿ ರಿಲೇ ಹಾಕಿ ಲಿಥಿಯಂಗೆ ಕೊಡೋ ಎಲೆಕ್ಟ್ರಿಷಿಯನ್ನುಗಳಿದಾರೆ, ಆಲ್ಟರ್ನೇಟರ್ ಸುಟ್ಟೋಗುತ್ತೆ.

ಮಿಕ್ಸಿ ವಿಷ್ಯ ಒಳ್ಳೇ ಪ್ರಶ್ನೆ. 500 ವಾಟ್ ಮಿಕ್ಸಿ ಆದ್ರೂ ಸ್ಟಾರ್ಟ್ ಆಗೋವಾಗ ಎರಡರಷ್ಟು ಮೂರರಷ್ಟು ಎಳಿಯುತ್ತೆ, ಪ್ಯೂರ್ ಸೈನ್ ವೇವ್ (ಮನೆ ಕರೆಂಟಿನ ಥರಾನೇ ಕೊಡೋ) 1500 ವಾಟ್ ಇನ್ವರ್ಟರ್ ಇದ್ರೆ ಚಟ್ನಿ ಆಗುತ್ತೆ. ದೋಸೆ ಹಿಟ್ಟು ಮಾತ್ರ ಪ್ಯಾಕೆಟ್ ತಗೊಳಿ.

ಗ್ಯಾಸಿಗೆ 5 ಕೆಜಿ ಸಿಲಿಂಡರ್. ಗುರುತಿನ ಚೀಟಿ ಸಾಕು, ವಿಳಾಸದ ದಾಖಲೆ ಕೇಳಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕಾದ್ರೆ ನೆಲಕ್ಕೆ ಇಳಿದು ಕೂರುತ್ತೆ, ಅದಕ್ಕೆ ಸಿಲಿಂಡರ್ ಇಡೋ ಡಬ್ಬಿ ಗಾಡಿ ಒಳಗೆ ಗ್ಯಾಸ್ ಬರದ ಹಾಗೆ ಸೀಲ್ ಆಗಿರ್ಬೇಕು, ಅದರ ತಳದಲ್ಲಿ ಹೊರಗೆ ಹೋಗೋ ತೂತು ಇರ್ಬೇಕು. ಕಿಟಕಿ ತೆರ್ದಿದ್ರೆ ಸಾಕು ಅನ್ನೋರ ಮಾತು ಕೇಳ್ಬೇಡಿ. ಬ್ಯಾಟರಿ ಪಾಸಿಟಿವ್ ಪಕ್ಕದಲ್ಲೇ ಫ್ಯೂಸ್, ಇದನ್ನ ಬೋಲ್ಡಲ್ಲಿ ಓದ್ಕೊಳಿ.

ಕೂಳೂರು_ಕಟ್ಟೆ (ಮಂಗಳೂರು)

ಎಲ್ಲ ಸರಿ ಮಾರಾಯ್ರೆ, ಆದ್ರೆ ಮಳೆಯ ಬಗ್ಗೆ ಯಾರೂ ಮಾತೇ ಆಡುದಿಲ್ಲ ಅಲ್ವಾ. ಜೂನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆಗೆ ಗಾಡಿ ತರ್ಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಉಂಟು, ಶಿರಾಡಿ ಚಾರ್ಮಾಡಿಯಲ್ಲಿ ಗುಡ್ಡ ಜರಿದ್ರೆ ನೀವು ಘಾಟಿಯ ಮಧ್ಯದಲ್ಲಿ ಬಾಕಿ. ಅದಕ್ಕಿಂತ ದೊಡ್ಡದು ಒಳಗಿನ ಪಸೆ. ಇಬ್ರು ಮನುಷ್ಯರು ಬಾಗಿಲು ಹಾಕಿ ಮಲಗಿದ್ರೆ ಉಸಿರಿನ ನೀರೇ ಬೆಳಿಗ್ಗೆ ಗ್ಲಾಸಿನಲ್ಲಿ ಇಳೀತದೆ, ಅದ್ರ ಮೇಲೆ ಕುಕ್ಕರ್ ನಾಲ್ಕು ವಿಸಿಲ್ ಹಾಕಿದ್ರೆ ಕೇಳುದೇ ಬೇಡ. ಹಾಸಿಗೆಯ ಅಡಿ ಎತ್ತಿ ನೋಡಿದ್ರೆ ಹಸಿರು ಬೂಸ್ಟು. ಹಾಸಿಗೆಯ ಅಡಿಗೆ ಪೂರ್ತಿ ಹಲಗೆ ಹಾಕ್ಬೇಡಿ, ಸಂದು ಬಿಟ್ಟು ಪಟ್ಟಿ ಹಾಕಿ, ಟಾಪಿನಲ್ಲಿ ಗಾಳಿ ಹೊರಗೆ ಎಳೆಯುವ ಫ್ಯಾನ್ ಒಂದು ಬೇಕೇ ಬೇಕು.

ಮತ್ತೆ ಒಗ್ಗರಣೆ! ಒಳಗೆ ಒಮ್ಮೆ ಒಣಮೆಣಸು ಬೆಳ್ಳುಳ್ಳಿ ಹಾಕಿ ನೋಡಿ, ತಲೆದಿಂಬಿನಲ್ಲಿ ವಾರ ಇಡೀ ಅದೇ ವಾಸನೆ. ಮೀನು ಹುರಿಯುವವರಾದ್ರೆ ಕಥೆ ಬೇರೆಯೇ. ಹಿಂದಿನ ಬಾಗಿಲಿನ ಹತ್ರ ಎಳೆದ್ರೆ ಹೊರಗೆ ಬರುವ ಹಾಗೆ ಒಲೆಯ ಟ್ರೇ ಮಾಡಿಸಿ, ಹೊರಗೆ ನಿಂತು ಅಡಿಗೆ ಮಾಡುದು. ಮೇಲಿನಿಂದ ಒಂದು ತಾಡಪಾಲು.

ನಾನು ಹೇಳುದು ಊರು ನೋಡಿ ಅಲ್ಲ, ತಿಂಗಳು ನೋಡಿ ಹೊರಡಿ. ಮಳೆಗಾಲಕ್ಕೆ ಚಿತ್ರದುರ್ಗ, ಹೊಸಪೇಟೆ, ಬದಾಮಿ ಕಡೆ, ಅಲ್ಲಿ ಆಗ ಹವೆ ಒಳ್ಳೆದು, ಮಳೆ ಕಡಿಮೆ. ದೀಪಾವಳಿ ಕಳೆದ ಮೇಲೆ ಕರಾವಳಿಗೆ ಬನ್ನಿ, ಕುಮಟಾ ಗೋಕರ್ಣದಿಂದ ಕೆಳಗೆ ಸುರತ್ಕಲ್ ತನಕ. ಮಾರ್ಚಿಗೆ ಸೆಕೆ ಶುರುವಾದ ಕೂಡ್ಲೇ ಚಿಕ್ಕಮಗಳೂರು, ಮಡಿಕೇರಿ ಹತ್ತಿ. ಮರಳಿಗೆ ಮಾತ್ರ ಗಾಡಿ ಇಳಿಸ್ಬೇಡಿ, ತೆಗೆಯುವ ಜೆಸಿಬಿಯವ ಅವತ್ತು ಬಾಯಿಗೆ ಬಂದ ರೇಟ್ ಹೇಳ್ತಾನೆ.

ರಾತ್ರಿ ನಿಲ್ಲಿಸಲಿಕ್ಕೆ ಹೈವೇಯ ದೊಡ್ಡ ಪೆಟ್ರೋಲ್ ಬಂಕ್ ಒಳ್ಳೆದು, ಡೀಸೆಲ್ ಹಾಕಿಸಿ, ಮ್ಯಾನೇಜರಿಗೆ ಒಂದು ಮಾತು ಹೇಳಿ ನಿಲ್ಲಿಸಿ, ಸಿಸಿ ಕ್ಯಾಮರಾ ಇರ್ತದೆ. ಧರ್ಮಸ್ಥಳ, ಕೊಲ್ಲೂರು, ಕಟೀಲಿನ ಹಾಗೆ ದೊಡ್ಡ ದೇವಸ್ಥಾನದ ಪಾರ್ಕಿಂಗ್ ಆದ್ರೆ ಸ್ನಾನ, ಊಟ ಎಲ್ಲ ಆಗ್ತದೆ. ಸಕಲೇಶಪುರ, ಕೊಡಗಿನಲ್ಲಿ ಎಸ್ಟೇಟಿನ ಬದಿಯಲ್ಲಿ ಒಂಟಿಯಾಗಿ ನಿಲ್ಲಿಸ್ಬೇಡಿ, ಆನೆ ಬರ್ತದೆ, ನಿಮ್ಮ ಬಾಳೆಹಣ್ಣಿನ ವಾಸನೆ ಸಾಕು ಅದಕ್ಕೆ. ಬಂಡೀಪುರದ ರೋಡು ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್, ಅದು ನೆನಪಿರ್ಲಿ.

ಕಿವಿಹಣ್ಣು (ಆಕ್ಲೆಂಡ್)

ಮೂಲತಃ ಅರಸೀಕೆರೆ, ಈಗ ನ್ಯೂಜಿಲೆಂಡ್. ಇಲ್ಲಿ ಹಳೇ ಟೊಯೊಟಾ ಹಯೇಸ್ ವ್ಯಾನ್ ತಗೊಂಡು ಇರೋ ಜನ ತುಂಬಾ. ವಿಡಿಯೋ ನೋಡಿ ಯಾರೂ ಏನೂ ಕೇಳಲ್ಲ ಅನ್ಕೋಬೇಡಿ, ಇಲ್ಲೂ ರೂಲ್ಸ್ ಇದೆ. 2023ರಲ್ಲಿ ಹೊಸ ಕಾನೂನು ಬಂತು, ಸೆಲ್ಫ್-ಕಂಟೈನ್ಡ್ (ನೀರು, ಟಾಯ್ಲೆಟ್ ಎಲ್ಲ ಗಾಡಿಯಲ್ಲೇ ಇದೆ) ಅಂತ ಸರ್ಟಿಫಿಕೇಟ್ ಬೇಕಂದ್ರೆ ಗಾಡಿಯಲ್ಲಿ ಟಾಯ್ಲೆಟ್ ಫಿಕ್ಸ್ ಆಗಿರ್ಲೇಬೇಕು, ಪೋರ್ಟಬಲ್ ಇಟ್ಕೊಂಡು ಇದೆ ಅಂದ್ರೆ ನಡಿಯಲ್ಲ. ಯಾಕಂದ್ರೆ ಜನ ಎಲ್ಲೆಂದ್ರಲ್ಲಿ ಹೋಗ್ತಿದ್ರು, ಊರವ್ರು ರೊಚ್ಚಿಗೆದ್ರು. ಆದ್ರೆ ಇಲ್ಲಿ ಊರೂರಲ್ಲಿ ಡಂಪ್ ಸ್ಟೇಷನ್ ಇದೆ, ಕ್ಯಾಸೆಟ್ (ಟಾಯ್ಲೆಟ್ ಕೆಳಗಿನ, ಹೊರಗೆ ತೆಗೆಯೋ ಡಬ್ಬಿ) ತಗೊಂಡ್ಹೋಗಿ ಸುರಿದು ತೊಳ್ಕೊಂಡು ಬರ್ಬೋದು. ಅಲ್ಲಿ ಅದಿಲ್ಲ, ಅದೇ ದೊಡ್ಡ ವ್ಯತ್ಯಾಸ.

ಮೇಡಂ ಟಾಯ್ಲೆಟ್ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ನಾನೇ ಕೊಡ್ತೀನಿ. 20 ಲೀಟರ್ ಕ್ಯಾಸೆಟ್ಟಿಂದು ತಗೊಳಿ, ರಾತ್ರಿ ಮತ್ತೆ ಅರ್ಜೆಂಟಿಗೆ ಮಾತ್ರ. ಬೆಳಗಿನದು ಬಂಕು, ಸುಲಭ ಶೌಚಾಲಯ, ಲಾಡ್ಜಲ್ಲಿ ಫ್ರೆಶ್ ಅಪ್‌ಗೆ ಒಂದು ಗಂಟೆ ರೂಮು. ಕ್ಯಾಸೆಟ್ ಖಾಲಿ ಮಾಡೋದು ಕಮೋಡಿಗೇ, ಚರಂಡಿಗೂ ಅಲ್ಲ ಹೊಲಕ್ಕೂ ಅಲ್ಲ, ಅದೂ ಯಾರದೋ ಮನೆ ಹಿಂದೆ ಸುರಿದು ಸಿಕ್ಕಿಬಿದ್ರೆ ಒದೆ ಬೀಳುತ್ತೆ, ಬೀಳ್ಬೇಕು ಕೂಡ. ಫ್ರೆಂಡ್ಸ್ ಮನೆ, ನೆಂಟರ ಮನೆ ದಾರಿಯಲ್ಲಿ ಎಲ್ಲೆಲ್ಲಿದೆ ಅಂತ ಮ್ಯಾಪಲ್ಲಿ ಗುರುತು ಹಾಕ್ಕೊಳಿ, ಈ ಕೆಲಸಕ್ಕಾದ್ರೂ ನೆಂಟರು ಬೇಕು.

ಜಯನಗರ_4ನೇ_ಬ್ಲಾಕ್

ಬಾಡಿಗೆ ಉಳಿಯುತ್ತೆ ಅಂತ ಮಾಡೋದಾದ್ರೆ ಮಾಡ್ಬೇಡಿ. ಟಿಟಿ ಲೀಟರಿಗೆ ಹತ್ತು ಹನ್ನೊಂದು ಕೊಟ್ರೆ ಹೆಚ್ಚು, ಟಯರು, ಸರ್ವೀಸು, ಇನ್ಶೂರೆನ್ಸು, ಹೊರಗೆ ಊಟ, ವಾರಕ್ಕೊಂದು ಲಾಡ್ಜು, ಕೂಡಿಸಿದ್ರೆ ಬಾಡಿಗೆ ಮನೆಗಿಂತ ಜಾಸ್ತಿ. ಆಸೆಗೆ ಮಾಡೋದಾದ್ರೆ ಮಾಡಿ. ಅತ್ತೆ ಹೇಳಿದ್ರಲ್ಲಿ ಏನೂ ತಪ್ಪಿಲ್ಲ ಅನ್ನಿಸ್ತು ನಂಗೆ.

ಗಾಲಿಮನೆ (ಬೆಂಗಳೂರು)

ಅಯ್ಯೋ ಇಷ್ಟೊಂದು ಉತ್ತರ ಬರುತ್ತೆ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಇವ್ರಿಗೆ ಪೂರ್ತಿ ಓದಿ ಹೇಳ್ದೆ, ಈಗ ಇವ್ರೇ ನನಗಿಂತ ಹೆಚ್ಚು ತಲೆ ಕೆಡಿಸ್ಕೊಂಡಿದಾರೆ. ಜಯನಗರದವ್ರೇ, ನೀವು ಹೇಳಿದ ಲೆಕ್ಕ ಕೂಡ್ಸಿದ್ವಿ, ನಿಜ, ಉಳಿಯಲ್ಲ. ಅದಕ್ಕೆ ಪೂರ್ತಿ ಮನೆ ಖಾಲಿ ಮಾಡೋ ಬದ್ಲು ತುಮಕೂರಲ್ಲಿ ಅತ್ತೆ ಮನೆ ಮಹಡಿಯಲ್ಲಿ ಒಂದು ರೂಮು ಇಟ್ಕೊಂಡು, ಸಾಮಾನು, ಆಧಾರ್ ವಿಳಾಸ, ಪಾರ್ಸೆಲ್ ಎಲ್ಲ ಅಲ್ಲಿಗೆ, ಮಳೆಗಾಲ ಅಲ್ಲೇ, ಉಳಿದ ತಿಂಗಳು ಗಾಡಿ ಅಂತ ಮಾತಾಡ್ಕೊಂಡಿದೀವಿ. ಅತ್ತೆಗೆ ಮಳೆಗಾಲ ಮಗ ಮನೇಲಿರ್ತಾನೆ ಅನ್ನೋದೊಂದೇ ಕಿವಿಗೆ ಬಿದ್ದಿದ್ದು, ಖುಷಿಯಾಗಿದಾರೆ.

ಕುಡಿಯೋ ನೀರಿಗೆ ಏನ್ಮಾಡ್ತೀರ? ಮತ್ತೆ ಹುಬ್ಬಳ್ಳಿ ಅಣ್ಣ, ಸಿರಾ ಹತ್ರ ಒಂದು ಟಿಟಿ ಇದೆ, ಸ್ಕೂಲಿಗೆ ಓಡ್ತಿದ್ದಿದ್ದು, ಭಾನುವಾರ ನೋಡೋಕೆ ಹೋಗ್ತಿದೀವಿ, ಏನೇನು ನೋಡ್ಬೇಕು ಹೇಳ್ತೀರಾ?

ವೋಲ್ಟು_ವಾಟು (ಶಿವಮೊಗ್ಗ)

ನೀರಿಗೆ ಚಿಂತೆ ಬೇಡ, ಈಗ ಬಹಳ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ, ಕಾಯಿನ್ ಹಾಕಿದ್ರೆ 20 ಲೀಟರ್ ಬರುತ್ತೆ. ಚಿಲ್ಲರೆ ಡಬ್ಬಿ ಒಂದು ಡ್ಯಾಶ್‌ಬೋರ್ಡಲ್ಲಿ ಇಟ್ಕೊಳಿ. ಕುಡಿಯೋದು ಕ್ಯಾನಲ್ಲಿ, ತೊಳಿಯೋದಕ್ಕೆ ಬೇರೆ 60-70 ಲೀಟರ್ ಟ್ಯಾಂಕು, ಎರಡನ್ನ ಸೇರಿಸ್ಬೇಡಿ.

ನೆಟ್ಟಿಗೆ ಎರಡು ಬೇರೆ ಬೇರೆ ಕಂಪನಿ ಸಿಮ್ಮು. ಮಲೆನಾಡಿನ ಒಳಗೆ ಕೆಲವು ಕಡೆ ಬಿಎಸ್‌ಎನ್‌ಎಲ್ ಒಂದೇ ಗತಿ, ಮೀಟಿಂಗ್ ಇರೋ ದಿನ ತಾಲೂಕು ಕೇಂದ್ರ ಬಿಟ್ಟು ಕದಲ್ಬೇಡಿ.

ಉಳ್ಳಾಗಡ್ಡಿ_ಓಣಿ (ಹುಬ್ಬಳ್ಳಿ)

ಸ್ಕೂಲ್ ಗಾಡಿ ಅಂದ್ರ ಓಡಿದ್ದು ಕಮ್ಮಿ ಇರ್ತೈತ್ರಿ, ಅದು ಛಲೋ. ಆದ್ರ ಹುಡುಗೂರು ವಾಂತಿ ಮಾಡ್ಕೊಂಡಾಗೆಲ್ಲಾ ಒಳಗ ಬಕೆಟ್‌ಗಟ್ಟಲೆ ನೀರು ಹಾಕಿ ತೊಳ್ದಿರ್ತಾರ, ಹಂಗಾಗಿ ಫ್ಲೋರ್ ಜಂಗ್ ಹಿಡಿದಿರ್ತೈತಿ. ಮ್ಯಾಟ್ ಎತ್ತಿ ತೋರ್ಸು ಅನ್ರಿ. ಎತ್ತಾಕ ಬರಂಗಿಲ್ಲ, ಅಂಟಿಸೇವಿ ಅಂದ್ರ ಅಲ್ಲಿಂದ ಎದ್ದು ಬರ್ರಿ. ಬಾಗಲ ಮೆಟ್ಟಲ ಕೆಳಗ, ಚಕ್ರದ ಮ್ಯಾಲಿನ ಕಮಾನು, ಟಾಪ್ ಸುತ್ತ ನೀರು ಹರಿಯೋ ಗಟರ್, ಮುಂದಿನ ಗ್ಲಾಸಿನ ಮೂಲಿ, ಇಷ್ಟೂ ಕಡೆ ಒಂದು ಮ್ಯಾಗ್ನೆಟ್ ಹಿಡ್ಕೊಂಡು ಹೋಗ್ರಿ, ಅಂಟ್ಲಿಲ್ಲ ಅಂದ್ರ ಅಲ್ಲಿ ತಗಡಿಲ್ಲ, ಪಟ್ಟಿ ಮೆತ್ತ್ಯಾರ. ಇಂಜಿನ್ ತಣ್ಣಗಿದ್ದಾಗ ನಿಮ್ಮ ಮುಂದ ಸ್ಟಾರ್ಟ್ ಮಾಡಸ್ರಿ, ಮೊದ್ಲ ಕಾಸಿ ಇಟ್ಟಿದ್ರ ಬ್ಯಾಡ. ಸ್ಟಾರ್ಟ್ ಇದ್ದಾಗ ಆಯಿಲ್ ಮುಚ್ಚಳಾ ತೆಗದು ನೋಡ್ರಿ, ಹೊಗಿ ಬುಸು ಬುಸು ಬಂದ್ರ ಇಂಜಿನ್ ಕೆಲಸ ಬಂದೈತಿ ಅಂತ.

ಆಮ್ಯಾಲ ಮುಖ್ಯ, ಅಣ್ಣಾರ್ನ ಒಳಗ ನಿಲ್ಲಿಸಿ ನೋಡ್ರಿ. ತಲಿಗೂ ಟಾಪಿಗೂ ನಡುವ ನಾಕು ಬೆರಳಷ್ಟರ ಜಾಗಾ ಇರ್ಬೇಕು, ಫ್ಲೋರ್, ಟಾಪ್ ಎರಡೂ ಕಡೆ ಇನ್ಸುಲೇಷನ್, ಪ್ಲೈ ಹಾಕಿದ ಮ್ಯಾಲ ಎರಡು ಇಂಚು ಹೋಗ್ತೈತಿ. ಆರ್‌ಸಿ ಫೋಟೋ ಮೈಸೂರು ಅಣ್ಣಾರಿಗೆ ಕಳಸ್ರಿ, ಗಾಡಿ ಕೆಳಗಿನ ಫೋಟೋ ನನಗ ಹಾಕ್ರಿ. ಟೋಕನ್ ಅಡ್ವಾನ್ಸ್ ಮಾತ್ರ ಅವತ್ತ ಕೊಡಬ್ಯಾಡ್ರಿ.